ಒಂದು ಸಾಲು ತಪ್ಪಿದರೆ ಇಡೀ ಪಟ್ಟಿ ನಿಲ್ಲಬೇಕೆ?

ಮುನ್ನೂರು ಜನರ ಸಂಬಳದ ಪಟ್ಟಿ ಎಂದುಕೊಳ್ಳೋಣ. ಹೆಸರು, ಬ್ಯಾಂಕು, ಐಬಾನ್ ನಂಬರು, ಮೊತ್ತ. ಐಬಾನ್ ಎಂದರೆ ಯುಎಇಯಲ್ಲಿ 23 ಅಕ್ಷರ-ಅಂಕಿ, ಸೌದಿಯಲ್ಲಿ 24, ಕತಾರಿನಲ್ಲಿ 29, ಕುವೈತಿನಲ್ಲಿ 30. ಪಟ್ಟಿಯ 47ನೆಯವರ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದುತ್ತಿರುವ ಕಂಪ್ಯೂಟರ್ ಪ್ರೋಗ್ರಾಂ ಈಗ ಏನು ಮಾಡಬೇಕು?

ಅದರ ಮುಂದೆ ಮೂರು ದಾರಿಗಳಿವೆ. ಒಂದು, ಅಲ್ಲೇ ನಿಂತುಬಿಡುವುದು. ಆಗ 46 ಜನರಿಗೆ ಸಂಬಳ ಆಗುತ್ತದೆ, ಉಳಿದ 254 ಜನರಿಗೆ ಆಗುವುದಿಲ್ಲ. ಎರಡು, 47ನೆಯವರನ್ನು ಸದ್ದಿಲ್ಲದೆ ಹಾರಿಸಿ ಮುಂದೆ ಹೋಗುವುದು. 299 ಜನರಿಗೆ ಸಂಬಳ ಆಗುತ್ತದೆ, ‘ಕೆಲಸ ಮುಗಿಯಿತು’ ಎಂಬ ಹಸಿರು ಗುರುತೂ ಬರುತ್ತದೆ, ಒಬ್ಬನಿಗೆ ಮಾತ್ರ ಹಣ ಬಂದಿಲ್ಲ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಊರಿನಲ್ಲಿ ಮಕ್ಕಳ ಫೀಸು ಕಟ್ಟುವ ದಿನ. ಮೂರು, 47ನೆಯ ಸಾಲನ್ನು ಬದಿಗಿಟ್ಟು, ಅದರಲ್ಲಿ ಏನು ತಪ್ಪಿದೆ ಎಂದು ಬರೆದಿಟ್ಟು, 48ಕ್ಕೆ ಹೋಗುವುದು.

ಮೂರನೆಯದೇ ಸರಿ ಎಂದು ಯಾರಾದರೂ ಹೇಳುತ್ತಾರೆ. ಆದರೂ ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಮೊದಲೆರಡು ದಾರಿಗಳಲ್ಲಿ ಎಡವಿವೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನಾವು ಪ್ರೋಗ್ರಾಂ ಬರೆಯುವವರಲ್ಲ. ಡಿ.ಫಾರ್ಮಾದಲ್ಲಿ ನಾವು ಅದನ್ನು ಓದಲೂ ಇಲ್ಲ. ಆದರೆ ಇಂದು ಸ್ಟೋರಿನ ದಾಸ್ತಾನು, ಅವಧಿ ಮುಗಿಯುವ ಔಷಧಗಳ ಪಟ್ಟಿ, ವಾರ್ಡುಗಳ ಇಂಡೆಂಟ್ ಎಲ್ಲವೂ ಇಂಥ ಪ್ರೋಗ್ರಾಂಗಳ ಮೂಲಕವೇ ನಮ್ಮ ಕೈಗೆ ಬರುತ್ತವೆ. ಗೋದಾಮಿನಲ್ಲಿ, ಅಕೌಂಟ್ಸ್‌ನಲ್ಲಿ, ಟೈಮ್‌ಕೀಪರ್ ಕುರ್ಚಿಯಲ್ಲಿ ಕುಳಿತ ನಮ್ಮವರ ಕಥೆಯೂ ಇದೇ. ಹಾಗಾಗಿ ಈ ವಿಷಯ ಸಾಫ್ಟ್‌ವೇರ್‌ನವರಿಗಷ್ಟೇ ಸೇರಿದ್ದಲ್ಲ.

ಲೂಪ್ ಎಂದರೆ ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ

ಒಂದೇ ಕೆಲಸವನ್ನು ಪಟ್ಟಿಯ ಪ್ರತಿಯೊಂದು ಸಾಲಿಗೂ ಮತ್ತೆ ಮತ್ತೆ ಮಾಡುವುದಕ್ಕೆ ಕಂಪ್ಯೂಟರ್ ಭಾಷೆಯಲ್ಲಿ ಲೂಪ್ ಎನ್ನುತ್ತಾರೆ. ನಮ್ಮ ಅಮ್ಮಂದಿರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದುದೂ ಒಂದು ಲೂಪೇ. ಕಲ್ಲು ಸಿಕ್ಕಿದರೆ ಅದನ್ನು ಹೆಕ್ಕಿ ಪಕ್ಕಕ್ಕೆ ಹಾಕುತ್ತಿದ್ದರು. ಕಲ್ಲು ಸಿಕ್ಕಿತೆಂದು ಮೊರವನ್ನೇ ಎಸೆಯುತ್ತಿರಲಿಲ್ಲ, ಕಲ್ಲನ್ನು ಅಕ್ಕಿಯ ಜೊತೆಗೇ ಬೇಯಿಸುತ್ತಲೂ ಇರಲಿಲ್ಲ.

ಕಂಪ್ಯೂಟರಿಗೆ ಈ ಬುದ್ಧಿ ತಾನಾಗಿ ಬರುವುದಿಲ್ಲ. ನಿರೀಕ್ಷಿಸದ ದೋಷ ಎದುರಾದರೆ ಸಾಮಾನ್ಯವಾಗಿ ಪ್ರೋಗ್ರಾಂ ನಿಂತುಬಿಡುತ್ತದೆ. ನಿಲ್ಲದೆ ಮುಂದುವರಿಯಬೇಕಾದರೆ ‘ಇಂಥ ದೋಷ ಬಂದರೆ ಹೀಗೆ ಮಾಡು’ ಎಂದು ಬರೆಯುವವರು ಮೊದಲೇ ಹೇಳಿಟ್ಟಿರಬೇಕು.

ನೆಗಡಿಗೆ ಮೂಗು ಕೊಯ್ದ ರಾಕೆಟ್

ಮೊದಲ ದಾರಿಯ ದುಬಾರಿ ಉದಾಹರಣೆ ಯುರೋಪಿನ ಏರಿಯಾನ್ 5 ರಾಕೆಟ್. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರುವಿನಿಂದ ಅದರ ಮೊದಲ ಹಾರಾಟ. ರಾಕೆಟ್ಟಿನ ದಿಕ್ಕು-ವೇಗವನ್ನು ಅಳೆಯುವ ಕಂಪ್ಯೂಟರ್ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿತ್ತು. ಒಂದು ಸುತ್ತಿನಲ್ಲಿ ಬಂದ ಸಂಖ್ಯೆ ಅದಕ್ಕೆಂದು ಇಟ್ಟಿದ್ದ ಜಾಗಕ್ಕಿಂತ ದೊಡ್ಡದಾಯಿತು. ಅಂಥ ದೋಷವನ್ನು ಅಲ್ಲಿ ಹಿಡಿಯುವ ವ್ಯವಸ್ಥೆ ಇರಲಿಲ್ಲ. ಕಂಪ್ಯೂಟರ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿತು. ಪರ್ಯಾಯವಾಗಿ ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಇದ್ದುದೂ ಅದೇ ಪ್ರೋಗ್ರಾಂ, ಅದೂ ಅದೇ ಕಾರಣಕ್ಕೆ ಬಂದ್ ಆಗಿತ್ತು. ಹಾರಿ ಒಂದು ನಿಮಿಷವೂ ಆಗುವ ಮೊದಲೇ ರಾಕೆಟ್ ಬಾನಿನಲ್ಲಿ ಚೂರಾಯಿತು. ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಎಂದರೆ ದೋಷ ಬಂದ ಆ ಲೆಕ್ಕ ರಾಕೆಟ್ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಹಳೆಯ ಏರಿಯಾನ್ 4ರ ಪ್ರೋಗ್ರಾಂನಿಂದ ಹಾಗೆಯೇ ಉಳಿದುಕೊಂಡು ಬಂದದ್ದು ಅದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ.

ಸದ್ದಿಲ್ಲದೆ ಬಿದ್ದುಹೋದ ಸಾಲುಗಳು

ಎರಡನೆಯ ದಾರಿ ಇನ್ನೂ ಅಪಾಯ, ಏಕೆಂದರೆ ಅಲ್ಲಿ ಏನೂ ಸಿಡಿಯುವುದಿಲ್ಲ. 2020ರ ಕೋವಿಡ್ ದಿನಗಳಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಲ್ಯಾಬುಗಳಿಂದ ಬಂದ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಗಳಿಗೆ ತುಂಬುತ್ತಿದ್ದರು. ಆ ಹಳೆಯ ಮಾದರಿ ಹಿಡಿಸುವುದು 65,536 ಸಾಲುಗಳನ್ನು ಮಾತ್ರ. ಅದಕ್ಕಿಂತ ಹೆಚ್ಚಾದ ಸಾಲುಗಳು ಹೊರಗೇ ಉಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲೇ ಇಲ್ಲ. ಸೋಂಕು ಬಂದವರಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು.

ಎಕ್ಸೆಲ್ ಮ್ಯಾಕ್ರೋ ಬಳಸುವ ನಮ್ಮವರಿಗೆ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬ ಸಾಲು ಗೊತ್ತಿರಬಹುದು. ದೋಷ ಬಂದರೂ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗು ಎಂದು ಅದರ ಅರ್ಥ. ಒಮ್ಮೆ ಮೇಲೆ ಬರೆದುಬಿಟ್ಟರೆ ಮ್ಯಾಕ್ರೋ ಎಲ್ಲಿಯೂ ನಿಲ್ಲುವುದಿಲ್ಲ, ಎಲ್ಲವೂ ಸರಾಗ ಎಂದು ಕಾಣುತ್ತದೆ. ಸೂತ್ರಗಳಲ್ಲಿ ಬಳಸುವ ‘ಇಫ್‌ಎರರ್’ ಕೂಡ ಖಾಲಿ ಜಾಗವನ್ನು ತೋರಿಸುವಂತೆ ಬರೆದರೆ ಅದೇ ಕೆಲಸ ಮಾಡುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಲೈಡನ್‌ನವರು ಆರಿಸಿಕೊಂಡ ದಾರಿ

ಮೂರನೆಯ ದಾರಿಯನ್ನು ಅಚ್ಚುಕಟ್ಟಾಗಿ ಹಿಡಿದವರ ಉದಾಹರಣೆಗೆ ನೆದರ್‌ಲ್ಯಾಂಡ್ಸ್‌ನ ಲೈಡನ್‌ಗೆ ಹೋಗಬೇಕು. ಅದು ಆಮ್ಸ್ಟರ್‌ಡ್ಯಾಮಿನ ನೈಋತ್ಯಕ್ಕೆ ಇರುವ ಕಾಲುವೆಗಳ ಊರು. 1575ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅಲ್ಲಿದೆ. ರೋಗಿಯ ಹಾಸಿಗೆಯ ಪಕ್ಕದಲ್ಲೇ ವೈದ್ಯಕೀಯ ಪಾಠ ಹೇಳಿ 18ನೆಯ ಶತಮಾನದಲ್ಲಿ ಹೆಸರಾದ ಬೂರ್‌ಹಾವೆ ಆ ಊರಿನ ಪ್ರಾಧ್ಯಾಪಕ. ಇಂದು ಅಲ್ಲಿನ ವಿಶ್ವವಿದ್ಯಾಲಯ ವೈದ್ಯಕೀಯ ಕೇಂದ್ರ ವಂಶವಾಹಿಗಳ, ಅಂದರೆ ಜೀನ್‌ಗಳ, ಅಧ್ಯಯನಕ್ಕೆ ಪ್ರಸಿದ್ಧ.

ಜೀನ್‌ಗೂ ನಮ್ಮ ಔಷಧದ ಕೌಂಟರಿಗೂ ಏನು ಸಂಬಂಧ? ಬಹಳ ಇದೆ. ಒಂದೇ ಮಾತ್ರೆ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ವಿಷ ಆಗಲು ಕೆಲವೊಮ್ಮೆ ಜೀನಿನ ಒಂದೇ ಅಕ್ಷರದ ವ್ಯತ್ಯಾಸ ಸಾಕು. ಲೈಡನ್‌ನ ಔಷಧ ವಿಜ್ಞಾನಿಗಳ ಮುಂದಾಳತ್ವದಲ್ಲಿ ಯುರೋಪಿನ 7 ದೇಶಗಳಲ್ಲಿ ನಡೆದ ‘ಪ್ರಿಪೇರ್’ ಎಂಬ ಅಧ್ಯಯನ 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 6,900 ರೋಗಿಗಳ ಅಧ್ಯಯನ ಅದು. 12 ಜೀನ್‌ಗಳನ್ನು ಮೊದಲೇ ಪರೀಕ್ಷಿಸಿ ಔಷಧ ಮತ್ತು ಡೋಸ್ ನಿರ್ಧರಿಸಿದಾಗ ಗಂಭೀರವಾಗಿ ಪರಿಗಣಿಸಬೇಕಾದ ಅಡ್ಡಪರಿಣಾಮಗಳು ಸುಮಾರು 30 ಶೇಕಡಾ ಕಡಿಮೆಯಾದವು.

ಈಗ ಒಂದು ಜೀನಿನ ಬದಲಾವಣೆಯ ಹೆಸರು ನೋಡಿ: ‘ಸಿ.1905+1ಜಿ>ಎ’. ಡಿಪಿವೈಡಿ ಎಂಬ ಜೀನಿನಲ್ಲಿ ಈ ಬದಲಾವಣೆ ಇದ್ದವರ ದೇಹ ಫ್ಲೂರೊಯುರಾಸಿಲ್, ಕ್ಯಾಪಿಸಿಟಬೈನ್ ಎಂಬ ಕ್ಯಾನ್ಸರ್ ಔಷಧಗಳನ್ನು ಸರಿಯಾಗಿ ಕರಗಿಸಿ ಹೊರಹಾಕಲಾರದು. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಬದಲಾವಣೆ ಬಂದಿದ್ದರೂ ಆರಂಭದ ಡೋಸನ್ನು ಅರ್ಧಕ್ಕೆ ಇಳಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಪೂರ್ತಿ ಡೋಸ್ ಕೊಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಈ ಔಷಧಗಳನ್ನು ಶುರು ಮಾಡುವ ಮೊದಲೇ ಪರೀಕ್ಷೆ ಮಾಡಿಸಬೇಕೆಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು.

ಆ ಹೆಸರಿನಲ್ಲಿ ‘+1’ ಎಂಬುದು ಬಿಟ್ಟುಹೋದರೆ? ಅದು ಜೀನಿನ ಬೇರೆಯೇ ಜಾಗವನ್ನು ತೋರಿಸುತ್ತದೆ. ಡೋಸ್ ಬರೆಯುವಾಗ ಬಿಂದು ಬಿಟ್ಟು 0.5 ಮಿಲಿಗ್ರಾಂ ಎಂಬುದು 5 ಆದ ಹಾಗೆ. ಲ್ಯಾಬುಗಳು, ಸಂಶೋಧಕರು ಇಂಥ ಹೆಸರುಗಳನ್ನು ಸಾವಿರಗಟ್ಟಲೆ ಬರೆಯುತ್ತಾರೆ. ಹಾಗಾಗಿ ಲೈಡನ್‌ನ ತಂಡ ‘ಮ್ಯೂಟಲೈಜರ್’ ಎಂಬ ತಪಾಸಣೆ ಪ್ರೋಗ್ರಾಂ ರೂಪಿಸಿ 2008ರಲ್ಲಿ ಅದರ ವಿವರ ಪ್ರಕಟಿಸಿತು. ಹೆಸರು ಕೊಟ್ಟರೆ ಅದು ಸರಿಯೇ, ಅದರಲ್ಲಿ ಹೇಳಿದ ಅಕ್ಷರ ನಿಜವಾಗಿ ಜೀನಿನ ಆ ಜಾಗದಲ್ಲಿದೆಯೇ ಎಂದು ತಾಳೆ ನೋಡುವುದು ಅದರ ಕೆಲಸ. ಇಡೀ ಪಟ್ಟಿಯನ್ನೇ ಒಮ್ಮೆಗೆ ಕೊಟ್ಟು ಪರೀಕ್ಷಿಸುವ ವ್ಯವಸ್ಥೆಯೂ ಅದರಲ್ಲಿ ಬಂತು.

ನಮಗೆ ಬೇಕಾದ ಪಾಠ ಇರುವುದು ಆ ಪಟ್ಟಿ ಪರೀಕ್ಷೆಯಲ್ಲಿ. ಒಂದು ಸಾಲಿನಲ್ಲಿ ಬರವಣಿಗೆಯೇ ತಪ್ಪಿರಬಹುದು. ಇನ್ನೊಂದರಲ್ಲಿ ಬರವಣಿಗೆ ಸರಿ, ಆದರೆ ಹೇಳಿದ ಅಕ್ಷರ ಆ ಜಾಗದಲ್ಲಿಲ್ಲ. ಮತ್ತೊಂದರಲ್ಲಿ ಹೋಲಿಸಿ ನೋಡಲು ಬೇಕಾದ ಮೂಲ ಜೀನ್ ಪ್ರತಿಯೇ ಸಿಗುತ್ತಿಲ್ಲ. ಪ್ರೋಗ್ರಾಂ ಯಾವುದಕ್ಕೂ ಇಡೀ ಪಟ್ಟಿಯನ್ನು ನಿಲ್ಲಿಸುವುದಿಲ್ಲ, ಯಾವುದನ್ನೂ ನುಂಗುವುದಿಲ್ಲ. ಕೊನೆಗೆ ಕೊಡುವ ಫಲಿತಾಂಶದಲ್ಲಿ ಪ್ರತಿಯೊಂದು ಸಾಲಿನ ಎದುರಿಗೂ ದೋಷಗಳಿಗೆಂದೇ ಒಂದು ಕಾಲಂ ಇರುತ್ತದೆ. ಸರಿ ಇದ್ದ ಸಾಲಿಗೆ ಉತ್ತರ, ತಪ್ಪಿದ ಸಾಲಿಗೆ ಕಾರಣ.

ಬೇಲಿ ಎಲ್ಲಿ ಹಾಕಬೇಕು

ಈಗಿನ ಮ್ಯೂಟಲೈಜರ್ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿದೆ. ಆ ಭಾಷೆಯೂ ನೆದರ್‌ಲ್ಯಾಂಡ್ಸ್‌ನದೇ. ಗೀಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಬರೆಯಲು ಶುರು ಮಾಡಿ 1991ರಲ್ಲಿ ಹೊರತಂದದ್ದು. ಅದರಲ್ಲಿ ‘ಟ್ರೈ’ ಎಂದರೆ ಪ್ರಯತ್ನಿಸು, ‘ಎಕ್ಸೆಪ್ಟ್’ ಎಂದರೆ ಇಂಥ ದೋಷ ಬಂದರೆ, ‘ಕಂಟಿನ್ಯೂ’ ಎಂದರೆ ಮುಂದಿನ ಸಾಲಿಗೆ ನಡೆ. ಕನ್ನಡದಲ್ಲಿ ಬರೆದರೆ ಕ್ರಮ ಹೀಗಿರುತ್ತದೆ:

ಪಟ್ಟಿಯ ಪ್ರತಿಯೊಂದು ಸಾಲಿಗೂ —
ಪ್ರಯತ್ನಿಸು: ಸಾಲನ್ನು ಓದು, ತಾಳೆ ನೋಡು, ‘ಸರಿ’ ಪಟ್ಟಿಗೆ ಸೇರಿಸು.
ಇಂಥ ದೋಷ ಬಂದರೆ: ಸಾಲಿನ ಸಂಖ್ಯೆ, ದೋಷದ ಹೆಸರು, ಸಮಯ ಬರೆದು ‘ಬದಿಗಿಟ್ಟ’ ಪಟ್ಟಿಗೆ ಸೇರಿಸು, ಮುಂದಿನ ಸಾಲಿಗೆ ನಡೆ.
ಎಲ್ಲ ಮುಗಿದ ಮೇಲೆ —
ಎರಡೂ ಪಟ್ಟಿಗಳನ್ನು ಎಣಿಸು. ಕೂಡಿಸಿದರೆ ಬಂದ ಸಾಲುಗಳಷ್ಟೇ ಆಗಬೇಕು.

ಇದರಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ‘ಪ್ರಯತ್ನಿಸು’ ಎಂಬ ಬೇಲಿ ಲೂಪಿನ ಒಳಗಿರಬೇಕು, ಒಂದೊಂದು ಸಾಲಿನ ಸುತ್ತ. ಲೂಪಿನ ಹೊರಗೆ, ಇಡೀ ಪಟ್ಟಿಯ ಸುತ್ತ ಹಾಕಿದರೆ ಮೊದಲ ದೋಷಕ್ಕೇ ಲೂಪಿನಿಂದ ಹೊರಬಿದ್ದ ಹಾಗೆ, ಮತ್ತೆ ಒಳಗೆ ಹೋಗಲು ದಾರಿಯಿಲ್ಲ.

ಎರಡನೆಯದು, ನಿರೀಕ್ಷಿಸಿದ ದೋಷಗಳನ್ನು ಹೆಸರಿಟ್ಟು ಹಿಡಿಯಬೇಕು. ಐಬಾನ್ ಉದ್ದ ಕಡಿಮೆ, ದಿನಾಂಕ ಓದಲಾಗುತ್ತಿಲ್ಲ, ಮೊತ್ತದ ಜಾಗದಲ್ಲಿ ಅಕ್ಷರ ಇದೆ, ಹೀಗೆ. ‘ಏನೇ ಬಂದರೂ ಬಿಟ್ಟು ಹೋಗು’ ಎಂದು ಬರೆದರೆ ಪ್ರೋಗ್ರಾಂ ಬರೆದವರ ಸ್ವಂತ ತಪ್ಪುಗಳೂ ಅದರಡಿ ಮುಚ್ಚಿಹೋಗುತ್ತವೆ. ಪೈಥಾನ್ ಬಲ್ಲವರು ಹೆಸರಿಲ್ಲದ ‘ಎಕ್ಸೆಪ್ಟ್’ ಮುಂದೆ ‘ಪಾಸ್’ ಎಂದು ಬರೆದುದನ್ನು ಕಂಡರೆ ಹುಬ್ಬು ಗಂಟಿಕ್ಕುವುದು ಇದಕ್ಕೇ.

ಮೂರನೆಯದು ಎಣಿಕೆ. 300 ಬಂದವು, 296 ಸರಿ, 4 ಬದಿಗೆ. ಲೆಕ್ಕ ಕೂಡಿತು. ಗೋದಾಮಿನಲ್ಲಿ ದಾಸ್ತಾನು ತಾಳೆ ನೋಡುವ ಪ್ರತಿಯೊಬ್ಬರಿಗೂ ಇದು ಗೊತ್ತು. ಇಂಗ್ಲೆಂಡಿನ ಆ ಎಕ್ಸೆಲ್ ಕಡತದಲ್ಲಿ ಒಳಬಂದ ಸಾಲೆಷ್ಟು, ಹೊರಹೋದ ಸಾಲೆಷ್ಟು ಎಂದು ಪ್ರತಿದಿನ ಎಣಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

‘ಒಂದು ಸಾಲು’ ಎಂದರೆ ಯಾವುದು?

ನಮ್ಮ ವೃತ್ತಿಯಿಂದ ಸೇರಿಸಬೇಕಾದ ಮಾತು ಒಂದಿದೆ. ಬದಿಗಿಡುವುದು ಏನನ್ನು ಎಂಬುದನ್ನು ಸರಿಯಾಗಿ ನಿರ್ಧರಿಸದಿದ್ದರೆ ಮೂರನೆಯ ದಾರಿಯೂ ಅಪಾಯವೇ.

ಒಬ್ಬ ರೋಗಿಯ ಚೀಟಿಯಲ್ಲಿ ಆರು ಔಷಧಗಳಿವೆ ಎನ್ನೋಣ. ಒಂದಕ್ಕೊಂದು ಹೊಂದುತ್ತವೆಯೇ ಎಂದು ಪ್ರೋಗ್ರಾಂ ತಪಾಸಣೆ ಮಾಡುತ್ತದೆ. ನಾಲ್ಕನೆಯ ಔಷಧದ ಕೋಡ್ ಸಿಗಲಿಲ್ಲ. ಅದನ್ನೊಂದು ಬಿಟ್ಟು ಉಳಿದ ಐದಕ್ಕೆ ‘ಸರಿ’ ಎಂದು ಗುರುತು ಹಾಕಬಹುದೇ? ಖಂಡಿತ ಕೂಡದು. ಆ ನಾಲ್ಕನೆಯದು ವಾರ್ಫರಿನ್ ಆಗಿದ್ದು, ಉಳಿದವುಗಳಲ್ಲಿ ರಕ್ತಸ್ರಾವ ಹೆಚ್ಚಿಸುವ ನೋವಿನ ಮಾತ್ರೆ ಇದ್ದರೆ? ಇಲ್ಲಿ ಒಂದು ಮಾತ್ರೆಯನ್ನಲ್ಲ, ಆ ರೋಗಿಯ ಇಡೀ ಚೀಟಿಯನ್ನೇ ಒಂದು ಸಾಲು ಎಂದು ಎಣಿಸಬೇಕು. ಚೀಟಿಯನ್ನು ಬದಿಗಿಟ್ಟು, ವೈದ್ಯರಿಗೆ ಫೋನ್ ಮಾಡಿ, ಮುಂದಿನ ಟೋಕನ್ ಕರೆಯಬೇಕು.

ಸಂಬಳದ ಪಟ್ಟಿ ಹಾಗಲ್ಲ. ಅಲ್ಲಿ ಒಬ್ಬರ ಸಾಲಿಗೂ ಇನ್ನೊಬ್ಬರ ಸಾಲಿಗೂ ಸಂಬಂಧವಿಲ್ಲ, ಒಂದನ್ನು ಬದಿಗಿಟ್ಟರೆ ಉಳಿದದ್ದು ಕೆಡುವುದಿಲ್ಲ. ಆದರೆ ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವ ಕೆಲಸದಲ್ಲಿ, ತೆಗೆದಾದ ಮೇಲೆ ಹಾಕುವಾಗ ದೋಷ ಬಂದರೆ, ತೆಗೆದದ್ದನ್ನು ವಾಪಸು ಇಟ್ಟು ಆಮೇಲೆ ಮುಂದೆ ಹೋಗಬೇಕು. ಅರ್ಧ ಮಾಡಿದ ಕೆಲಸವನ್ನು ಹಾಗೆಯೇ ಬಿಟ್ಟು ಮುಂದಿನ ಸಾಲಿಗೆ ಹಾರುವಂತಿಲ್ಲ.

ಕಾಯಬೇಕಾದ ದೋಷ, ನಿಲ್ಲಬೇಕಾದ ದೋಷ

ಎಲ್ಲ ದೋಷಗಳಿಗೂ ಒಂದೇ ಮದ್ದಲ್ಲ. ಸಾಲೇ ತಪ್ಪಿದ್ದರೆ ನೂರು ಸಲ ಓದಿದರೂ ಅದು ತಪ್ಪೇ, ಬದಿಗಿಡಬೇಕು. ನೆಟ್‌ವರ್ಕ್ ಹೋಗಿದ್ದರೆ ಮಾತು ಬೇರೆ. ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿದರೆ ಸರಿಹೋಗಬಹುದು. ಮೊದಲು ಐದು ಸೆಕೆಂಡು, ಆಮೇಲೆ ಹದಿನೈದು, ಆಮೇಲೆ ಒಂದು ನಿಮಿಷ, ಹೀಗೆ ಅಂತರ ಹೆಚ್ಚಿಸುತ್ತಾ ಎರಡು ಮೂರು ಸಲ ನೋಡಿ, ಆಗಲೂ ಆಗದಿದ್ದರೆ ಬದಿಗಿಡಬೇಕು. ಈ ಮಿತಿ ಹಾಕದಿದ್ದರೆ ಒಂದೇ ಸಾಲಿಗೆ ಅಂಟಿಕೊಂಡು ಪ್ರೋಗ್ರಾಂ ಬೆಳಗಿನ ತನಕ ಅಲ್ಲೇ ಸುತ್ತುತ್ತದೆ.

ಕೆಲವು ದೋಷಗಳಿಗೆ ನಿಲ್ಲುವುದೇ ಸರಿ. 300ರಲ್ಲಿ ಮೊದಲ 20 ಸಾಲೂ ತಪ್ಪೆಂದು ಬಂದರೆ ತಪ್ಪಿರುವುದು ಸಾಲುಗಳಲ್ಲ, ಕಡತವೇ. ಯಾರೋ ಕಾಲಂ ಅದಲು ಬದಲು ಮಾಡಿದ್ದಾರೆ, ಅಥವಾ ಹೋದ ತಿಂಗಳ ಕಡತ ತೆರೆದಿದ್ದಾರೆ. ಡಿಸ್ಕ್ ತುಂಬಿ ಬರೆಯಲು ಜಾಗವೇ ಇಲ್ಲದಿದ್ದರೆ ಬದಿಗಿಟ್ಟದ್ದನ್ನು ಬರೆದಿಡಲೂ ಆಗುವುದಿಲ್ಲ. ಅಂಥಲ್ಲಿ ಮುಂದುವರಿಯುವುದು ಮೊಂಡುತನ. ‘ಸತತ ಇಷ್ಟು ದೋಷ ಬಂದರೆ ನಿಲ್ಲು, ಮನುಷ್ಯರನ್ನು ಕರೆ’ ಎಂಬ ಆಜ್ಞೆಯೂ ಲೂಪಿನೊಳಗೆ ಇರಲೇಬೇಕು.

ದೋಷವೆಂದೇ ಕಾಣದ ದೋಷಗಳೂ ಇವೆ, ಅವುಗಳನ್ನು ಈ ಬೇಲಿ ಹಿಡಿಯಲಾರದು. ‘ಸೆಪ್ಟ್2’ ಎಂಬ ಜೀನಿನ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಸೆಪ್ಟೆಂಬರ್ 2 ಎಂಬ ದಿನಾಂಕ ಮಾಡಿಬಿಡುತ್ತಿತ್ತು. ಸಂಶೋಧಕರು ಎಷ್ಟು ಬೇಸತ್ತರೆಂದರೆ, ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರ ಹೊತ್ತಿಗೆ ಹೆಸರುಗಳನ್ನೇ ಬದಲಿಸಿ ‘ಸೆಪ್ಟಿನ್2’ ಎಂದಿಟ್ಟಿತು. ನಮ್ಮ ಪಟ್ಟಿಗಳಲ್ಲಿಯೂ ಇದು ನಡೆಯುತ್ತದೆ. ಫೋನ್ ನಂಬರಿನ ಮುಂದಿನ ಸೊನ್ನೆ ಮಾಯವಾಗುತ್ತದೆ. 15 ಅಂಕಿಗಿಂತ ಉದ್ದದ ಖಾತೆ ಸಂಖ್ಯೆಯನ್ನು ಬರೇ ಅಂಕಿಯಾಗಿ ತುಂಬಿದರೆ 15ರ ನಂತರದ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ. ಅಂಥ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿಟ್ಟರೆ ಆ ತೊಂದರೆಯಿಲ್ಲ. ಐಬಾನ್‌ನಲ್ಲಿ ಎರಡು ತಪಾಸಣೆ ಅಂಕಿಗಳಿರುವುದರಿಂದ ಒಂದು ಅಂಕಿ ಬದಲಾದರೂ ಪ್ರೋಗ್ರಾಂಗೆ ಗೊತ್ತಾಗುತ್ತದೆ, ಅದನ್ನು ತಾಳೆ ನೋಡಲು ಹೇಳಿದ್ದರೆ ಮಾತ್ರ.

ಬದಿಗಿಟ್ಟ ಟ್ರೇ ಯಾರದ್ದು?

ಔಷಧ ವಿಭಾಗದಲ್ಲಿ ಸಂಶಯ ಬಂದ ಚೀಟಿಗಳಿಗೆಂದೇ ನಾವು ಒಂದು ಟ್ರೇ ಇಡುತ್ತೇವೆ. ಆ ಟ್ರೇಯಲ್ಲಿ ಚೀಟಿ ಇದೆ ಎಂದರೆ ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಅದನ್ನು ತೋರಿಸಿ, ಯಾರಿಗೆ ಫೋನ್ ಮಾಡಲಾಗಿದೆ, ಯಾವ ಉತ್ತರ ಬರಬೇಕಾಗಿದೆ ಎಂದು ಹೇಳಿಯೇ ಹೊರಡಬೇಕು. ಯಾರೂ ತೆರೆದು ನೋಡದ ಟ್ರೇ ಕಸದ ಬುಟ್ಟಿಗೆ ಸಮ.

ಪ್ರೋಗ್ರಾಂ ಬರೆದಿಟ್ಟ ದೋಷಗಳ ಪಟ್ಟಿಗೂ ಇದೇ ನಿಯಮ. ಎಷ್ಟೋ ಕಡೆ ಅದು ಅಚ್ಚುಕಟ್ಟಾಗಿ ತಯಾರಾಗುತ್ತದೆ, ಯಾರ ಕೈಗೂ ಹೋಗುವುದಿಲ್ಲ. ಆದುದರಿಂದ ಪ್ರೋಗ್ರಾಂ ಬರೆಯಲು ಬಾರದ ನಾವೂ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರನ್ನು ನಾಲ್ಕು ಪ್ರಶ್ನೆ ಕೇಳಬಹುದು. ಒಂದು ಸಾಲು ತಪ್ಪಿದರೆ ಉಳಿದವು ಮುಂದುವರಿಯುತ್ತವೆಯೇ? ತಪ್ಪಿದ ಸಾಲು ಎಲ್ಲಿ ಬರೆದಿರುತ್ತದೆ? ಬಂದದ್ದೆಷ್ಟು, ಆದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ ಪ್ರತಿದಿನ ಕೂಡುತ್ತದೆಯೇ? ಉಳಿದದ್ದನ್ನು ಬೆಳಿಗ್ಗೆ ನೋಡುವವರು ಯಾರು, ಅವರು ರಜೆಯಲ್ಲಿ ಊರಿಗೆ ಹೋದರೆ ಯಾರು?

ನಾಲ್ಕನೆಯ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾಗಿ ಬರಬೇಕು. ‘ಸಿಸ್ಟಂ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬಂದರೆ ಒಪ್ಪಬೇಡಿ. 300ರಲ್ಲಿ 4 ಎಂಬುದು ಕಂಪ್ಯೂಟರಿಗೆ ಸಣ್ಣ ಸಂಖ್ಯೆ. ನಮಗೆ ಅದು ನಾಲ್ಕು ಜನ, ನಾಲ್ಕು ಮನೆ.